ಹಡಗಿನ ರಾತ್ರಿಯೂಟಕ್ಕೆ ನಿಮ್ಮದೇ ವೈನ್: ವಿಜಯಪುರದಿಂದ ಊಟದ ಮೇಜಿನವರೆಗೆ

ನಿವೃತ್ತಿಯ ವರ್ಷ, ಇಪ್ಪತ್ತೈದನೆಯ ವಿವಾಹ ವಾರ್ಷಿಕೋತ್ಸವ, ಮಗಳ ಕೆಲಸದ ಮೊದಲ ಸಂಬಳ ಎಂದು ಏನಾದರೊಂದು ನೆಪ ಮಾಡಿಕೊಂಡು ವಿಜಯಪುರದಿಂದಲೂ ಈಗ ಸಿಂಗಾಪುರಕ್ಕೋ ಮುಂಬೈಗೋ ಹೋಗಿ ವಿಹಾರ ಹಡಗು ಹತ್ತುವವರಿದ್ದಾರೆ. ಅವರಲ್ಲಿ ಕೆಲವರು ಹೊರಡುವ ವಾರ ನನಗೆ ಫೋನ್ ಮಾಡಿ, ಪಾಸ್‌ಪೋರ್ಟು, ವೀಸಾ, ಡಾಲರು ಎಲ್ಲ ವಿಚಾರಿಸಿದ ಮೇಲೆ, ಕೊನೆಗೆ ದನಿ ತಗ್ಗಿಸಿ ಒಂದು ಮಾತು ಕೇಳುತ್ತಾರೆ: “ಸರ, ನಮ್ಮದೊಂದು ಬಾಟ್ಲಿ ಒಯ್ಯಾಕ ಬರ್ತದೇನ್ರಿ?”

ಬರುತ್ತದೆ, ಆದರೆ ಎಲ್ಲ ಹಡಗಿನಲ್ಲಿ ಅಲ್ಲ, ಎಲ್ಲ ಬಾಟಲಿಯೂ ಅಲ್ಲ. ವಿಸ್ಕಿ, ರಮ್, ವೋಡ್ಕಾ, ಬಿಯರ್‌ಗಳನ್ನು ದೊಡ್ಡ ಹಡಗು ಕಂಪನಿಗಳು ಸಾಮಾನ್ಯವಾಗಿ ಒಳಗೆ ಬಿಡುವುದೇ ಇಲ್ಲ. ವೈನ್ ಮತ್ತು ಶಾಂಪೇನ್‌ಗೆ ಮಾತ್ರ ಹಲವು ಕಂಪನಿಗಳು ರಿಯಾಯಿತಿ ಕೊಟ್ಟಿವೆ. ಆ ರಿಯಾಯಿತಿಯೂ ಮೂರು ಷರತ್ತುಗಳಿಗೆ ಒಳಪಟ್ಟಿದೆ: ಬಾಟಲಿ ಹಡಗು ಹತ್ತುವ ದಿನವೇ ಬರಬೇಕು, ಕೈಚೀಲದಲ್ಲಿ ಬರಬೇಕು, ಕಾರ್ಖಾನೆಯ ಸೀಲು ಒಡೆಯದೆ ಬರಬೇಕು. ಮುಂದಿನ ಪ್ರತಿ ಹಂತವೂ ಈ ಮೂರು ಷರತ್ತುಗಳಿಂದ ಹಿಂದಕ್ಕೆ ಎಣಿಸಿಕೊಂಡು ಬಂದದ್ದು.

ಮೊದಲ ಹಂತ: ನಿಮ್ಮ ಹಡಗಿನ ನಿಯಮ ಯಾವುದು

ಟಿಕೆಟ್ ಕಾಯ್ದಿರಿಸಿದ ಏಜೆಂಟರ ಮಾತನ್ನು ಮಾತ್ರ ನಂಬಿ ಹೊರಡಬೇಡಿ. ಒಂದು ಕಂಪನಿಯ ಹಡಗಿನಲ್ಲಿ ಹೋಗಿಬಂದವರ ಅನುಭವ ಇನ್ನೊಂದು ಕಂಪನಿಯ ಹಡಗಿಗೆ ಅನ್ವಯಿಸುವುದಿಲ್ಲ. ಸಿಂಗಾಪುರದಿಂದ ಹೊರಡುವ ಹಡಗುಗಳಿಂದಾಗಿ ನಮ್ಮವರಿಗೆ ಹೆಚ್ಚು ಪರಿಚಯವಿರುವ ರಾಯಲ್ ಕೆರೀಬಿಯನ್ ಕಂಪನಿಯು ಮದ್ಯಪಾನದ ವಯಸ್ಸು ತಲುಪಿದ ಪ್ರತಿ ಪ್ರಯಾಣಿಕರಿಗೆ 750 ಮಿಲಿಲೀಟರಿನ ಒಂದು ಬಾಟಲಿಯನ್ನು ಮೊದಲ ದಿನ ಒಯ್ಯಲು ಬಿಡುತ್ತದೆ. ಗಂಡ ಹೆಂಡತಿ ಇಬ್ಬರಿದ್ದರೆ ಎರಡು ಬಾಟಲಿ. ಕಾರ್ನಿವಲ್‌ನಲ್ಲಿಯೂ 21 ವರ್ಷ ತುಂಬಿದ ಒಬ್ಬರಿಗೆ ಒಂದೇ ಬಾಟಲಿ. ಪ್ರಿನ್ಸೆಸ್ ಮತ್ತು ಹಾಲಂಡ್ ಅಮೆರಿಕ ಕಂಪನಿಗಳು ಮೊದಲ ಬಾಟಲಿಯನ್ನು ಶುಲ್ಕವಿಲ್ಲದೆ ಒಳಗೆ ಬಿಟ್ಟು, ಅದರಾಚೆಗಿನದಕ್ಕೆ ಹಣ ಕೇಳುತ್ತವೆ. ನಾರ್ವೇಜಿಯನ್ ಕಂಪನಿಯ ದಾರಿಯೇ ಬೇರೆ. ಅಲ್ಲಿ ವೈನಿನ ಬಾಟಲಿಗಳಿಗೆ ಎಣಿಕೆಯ ಮಿತಿಯಿಲ್ಲ; ಆದರೆ ಪ್ರತಿ ಬಾಟಲಿಗೂ, ನೀವು ಅದನ್ನು ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಕುಡಿದರೂ, ಹಡಗು ಹತ್ತುವಾಗಲೇ ಶುಲ್ಕ ಕಟ್ಟಬೇಕು. ಡಿಸ್ನಿ ಹಡಗುಗಳು ತುಸು ಉದಾರಿಗಳು; ವಯಸ್ಕರೊಬ್ಬರಿಗೆ ಎರಡು ಬಾಟಲಿ.

ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೆಲಿಯಾ ಹಡಗಿಗೆ ಟಿಕೆಟ್ ತೆಗೆಸಿದವರು ಈ ಲೇಖನವನ್ನು ಇಲ್ಲಿಗೇ ಮುಗಿಸಬಹುದು. ಅಲ್ಲಿ ಹೊರಗಿನ ಮದ್ಯಕ್ಕೆ ಅವಕಾಶವಿಲ್ಲ, ಒಳಗಿನ ಬಾರ್‌ನಲ್ಲಿಯೇ ಕೊಂಡುಕೊಳ್ಳಬೇಕು. ಇಟಲಿಯ ಕೋಸ್ಟಾ ಕೂಡ ಹೊರಗಿನ ಬಾಟಲಿಯನ್ನು ಒಪ್ಪುವ ಕಂಪನಿಯಲ್ಲ. ದುಬೈಯಿಂದ ಹಡಗು ಹತ್ತುವವರು ಇನ್ನೊಂದು ವಿಷಯ ಗಮನಿಸಬೇಕು: ಅಗ್ಗದ ವಿಮಾನವೆಂದು ಶಾರ್ಜಾಕ್ಕೆ ಹೋಗಿ ಅಲ್ಲಿಂದ ಟ್ಯಾಕ್ಸಿಯಲ್ಲಿ ದುಬೈಗೆ ಹೋಗುವ ಯೋಚನೆಯಿದ್ದರೆ ಬಾಟಲಿಯ ಯೋಚನೆಯನ್ನು ಬಿಡಿ. ಶಾರ್ಜಾದಲ್ಲಿ ಮದ್ಯಕ್ಕೆ ಪೂರ್ಣ ನಿಷೇಧವಿದೆ.

ವಯಸ್ಸಿನ ನಿಯಮವೂ ಹಡಗು ಹೊರಡುವ ಬಂದರಿನ ಮೇಲೆ ನಿಂತಿರುತ್ತದೆ. ರಾಯಲ್ ಕೆರೀಬಿಯನ್ ಹಡಗು ಏಷ್ಯಾ ಅಥವಾ ಯುರೋಪಿನಿಂದ ಹೊರಟರೆ 18, ಉತ್ತರ ಅಮೆರಿಕದಿಂದ ಹೊರಟರೆ 21. ಇಪ್ಪತ್ತರ ಮಗ ಜೊತೆಗಿದ್ದಾನೆಂದು ಮೂರನೆಯ ಬಾಟಲಿ ಲೆಕ್ಕ ಹಾಕುವ ಮುಂಚೆ ಇದನ್ನು ನೋಡಿಕೊಳ್ಳಿ.

ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ. ಹೊರಡುವ ಹದಿನೈದು ದಿನ ಮುಂಚೆ ಕಂಪನಿಯ ಅಧಿಕೃತ ಜಾಲತಾಣದಲ್ಲಿ ಮದ್ಯದ ನಿಯಮವಿರುವ ಪುಟವನ್ನು ತೆರೆದು, ಅದರ ಒಂದು ಪ್ರತಿಯನ್ನು ಮುದ್ರಿಸಿ ಪಾಸ್‌ಪೋರ್ಟಿನ ಜೊತೆಗಿಡಿ. ಬಂದರಿನ ತಪಾಸಣೆಯಲ್ಲಿ ಹೊಸ ಸಿಬ್ಬಂದಿ ತಕರಾರು ತೆಗೆದರೆ ಮಾತಿಗಿಂತ ಕಾಗದವೇ ಬೇಗ ಕೆಲಸ ಮಾಡುತ್ತದೆ.

ಎರಡನೆಯ ಹಂತ: ಒಯ್ಯುವುದರಿಂದ ಉಳಿತಾಯವಿದೆಯೇ

ನೀವು ತಂದ ಬಾಟಲಿಯನ್ನು ಹಡಗಿನ ಭೋಜನಶಾಲೆಯಲ್ಲಿ ತೆರೆದು, ಅವರ ಗಾಜಿನ ಲೋಟದಲ್ಲಿ ಬಡಿಸಿದ್ದಕ್ಕೆ ತೆಗೆದುಕೊಳ್ಳುವ ಹಣಕ್ಕೆ ಕಾರ್ಕೇಜ್ ಎನ್ನುತ್ತಾರೆ; ಬಿರಡೆ ತೆಗೆದ ಕೂಲಿ ಎಂದುಕೊಳ್ಳಿ. ಕಾರ್ನಿವಲ್‌ನಲ್ಲಿ ಇದು ಬಾಟಲಿಗೆ 15 ಡಾಲರ್. ನಾರ್ವೇಜಿಯನ್‌ನಲ್ಲಿಯೂ 750 ಮಿಲಿಲೀಟರಿಗೆ 15, ಒಂದೂವರೆ ಲೀಟರಿನ ದೊಡ್ಡ ಬಾಟಲಿಗೆ 30. ಕ್ಯಾಬಿನ್ನಿನಲ್ಲಿಯೇ ಕುಡಿದರೆ ಕಾರ್ನಿವಲ್‌ನಂಥ ಕಂಪನಿಗಳು ಏನನ್ನೂ ಕೇಳುವುದಿಲ್ಲ.

ಲೆಕ್ಕ ಸುಲಭ. ಹಡಗಿನ ಪಟ್ಟಿಯಲ್ಲಿ ಒಂದು ಬಾಟಲಿ 50 ಡಾಲರ್ ಇದೆ ಎಂದುಕೊಳ್ಳೋಣ. ಅದರ ಮೇಲೆ ಪ್ರತಿಶತ 18ರಷ್ಟು ಸೇವಾಶುಲ್ಕ ತಾನಾಗಿಯೇ ಸೇರುತ್ತದೆ. ಕೆಲವು ಕಂಪನಿಗಳಲ್ಲಿ ಪ್ರತಿಶತ 20. ಅಲ್ಲಿಗೆ 59 ಡಾಲರ್ ಆಯಿತು. ಹೊರಗೆ 20 ಡಾಲರಿಗೆ ಕೊಂಡ ಬಾಟಲಿಗೆ 15 ಡಾಲರ್ ಬಿರಡೆ ಕೂಲಿ ಸೇರಿಸಿದರೆ 35. ಒಂದು ಬಾಟಲಿಗೆ 24 ಡಾಲರ್ ಉಳಿತಾಯ. ಆದರೆ ಹೊರಗೆ 8 ಡಾಲರಿನ ಬಾಟಲಿ ಕೊಂಡು, ಅದಕ್ಕೆ 15 ಡಾಲರ್ ಕೂಲಿ ಕೊಟ್ಟು ಕುಡಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅದಕ್ಕಿಂತ ಹಡಗಿನಲ್ಲಿಯೇ ಒಂದು ಗ್ಲಾಸು ತರಿಸಿಕೊಂಡು ಸುಮ್ಮನಿರುವುದು ಲೇಸು. ಇನ್ನು ಮದ್ಯದ ಪ್ಯಾಕೇಜನ್ನು ಮೊದಲೇ ಕೊಂಡವರಿಗೆ ಬಾಟಲಿ ಒಯ್ಯುವುದು ಬರಿ ಭಾರ.

ಹಾಗಾದರೆ ಯಾರು ಒಯ್ಯಬೇಕು? ಹಡಗಿನ ಪಟ್ಟಿಯಲ್ಲಿ ಸಿಗದ ಬಾಟಲಿ ಬೇಕಾದವರು ಒಯ್ಯಬೇಕು. ಆ ಪಟ್ಟಿಯಲ್ಲಿ ಕ್ಯಾಲಿಫೋರ್ನಿಯಾ, ಇಟಲಿ, ಆಸ್ಟ್ರೇಲಿಯಾಗಳಿಗೆ ಕೊರತೆಯಿಲ್ಲ. ನಮ್ಮ ಕಡೆಯ ವೈನ್ ಅಲ್ಲಿ ಸಿಗುವುದು ಅಪರೂಪ. ಇಪ್ಪತ್ತೈದನೆಯ ವಾರ್ಷಿಕೋತ್ಸವದ ಊಟಕ್ಕೆ ಊರಿನ ಹತ್ತಿರದ ಮಣ್ಣಿನ ಬಾಟಲಿಯೊಂದು ಮೇಜಿನ ಮೇಲೆ ಬಂದರೆ ಅದಕ್ಕೆ ಡಾಲರಿನ ಲೆಕ್ಕ ಹಚ್ಚುವ ಅಗತ್ಯವಿಲ್ಲ. ದುಡ್ಡು ಉಳಿಸಲೆಂದೇ ಒಯ್ಯುವವರಿಗೆ ಮಾತ್ರ ನಾನು ಬೇಡವೆನ್ನುತ್ತೇನೆ, ಯಾಕೆಂದರೆ ದಾರಿಯ ತಾಪತ್ರಯ ಆ ಉಳಿತಾಯವನ್ನು ನುಂಗಿಬಿಡುತ್ತದೆ.

ಮೂರನೆಯ ಹಂತ: ಯಾವ ಬಾಟಲಿ

ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಪಡಗಳನ್ನು ದಿನವೂ ನೋಡುವ ನಾವು, ಅದೇ ಹಣ್ಣಿನಿಂದ ಒಳ್ಳೆಯ ವೈನ್ ಆಗುತ್ತದೆಂದು ಭಾವಿಸುವುದು ಸಹಜ. ಆದರೆ ನಮ್ಮಲ್ಲಿ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ಬಳ್ಳಿ ಕತ್ತರಿಸಿ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಮೂಲತಃ ತಿನ್ನುವುದಕ್ಕೆ ಮತ್ತು ಒಣದ್ರಾಕ್ಷಿಗೆ ಹೇಳಿದ ತಳಿ. ವೈನಿನ ತಳಿಗಳ ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜವಿರುತ್ತದೆ. ಕೆಂಪು ವೈನಿಗೆ ಬಣ್ಣ ಬರುವುದು ಸಿಪ್ಪೆಯಿಂದ, ನಾಲಿಗೆ ಹಿಡಿದಂತಾಗುವ ಒಗರು ಬರುವುದು ಸಿಪ್ಪೆ ಮತ್ತು ಬೀಜಗಳಿಂದ. ಮನೆಯಲ್ಲಿ ಅಜ್ಜಿ ಬರಣಿಯಲ್ಲಿ ಹಾಕಿಟ್ಟ ದ್ರಾಕ್ಷಾರಸ ಎಷ್ಟೇ ರುಚಿಯಾಗಿದ್ದರೂ ಹಡಗಿನ ಬಾಗಿಲಲ್ಲಿ ನಿಲ್ಲುವುದಿಲ್ಲ. ಲೇಬಲ್ಲು, ಸೀಲು ಇಲ್ಲದ್ದನ್ನು ಒಳಗೆ ಬಿಡುವುದಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಬರುವ ವೈನಿಗೂ ಹೆಚ್ಚಿನ ಕಂಪನಿಗಳಲ್ಲಿ ಪ್ರವೇಶವಿಲ್ಲ.

ನಮಗೆ ಹತ್ತಿರದ ವೈನ್ ತಯಾರಕರಲ್ಲಿ ಸೊಲ್ಲಾಪುರ ಜಿಲ್ಲೆಯ ಅಕಲೂಜಿನ ಫ್ರಾಟೆಲಿ ಇದೆ, ಕೊಪ್ಪಳ ಜಿಲ್ಲೆಯಲ್ಲಿ ಹಂಪಿಯ ಬೆಟ್ಟಗಳ ಮಗ್ಗುಲಿನ ಕೃಷ್ಮಾ ಇದೆ, ನಂದಿಬೆಟ್ಟದ ಬುಡದ ಗ್ರೋವರ್ ಇದೆ, ನಾಸಿಕದ ಸುಲಾ ಅಂತೂ ಎಲ್ಲೆಡೆ ಸಿಗುತ್ತದೆ. ಒಂದು ಕೆಂಪು, ಒಂದು ಬಿಳಿ ಎಂದು ಎರಡು ಬಾಟಲಿಯನ್ನು ಹಂಚಿಕೊಳ್ಳುವುದು ಒಳ್ಳೆಯದು. ಕೆಂಪಿನಲ್ಲಿ ಶಿರಾಜ್ ಅಥವಾ ಕ್ಯಾಬರ್ನೆ, ಬಿಳಿಯಲ್ಲಿ ಚೆನಿನ್ ಬ್ಲಾಂಕ್ ಆಯ್ದುಕೊಳ್ಳಿ.

ಬಿಳಿಯನ್ನು ಹೇಳುವುದಕ್ಕೆ ಕಾರಣವಿದೆ. ಹಡಗಿನಲ್ಲಿ ಸಸ್ಯಾಹಾರಿ ಭಾರತೀಯ ಊಟವನ್ನು ಮೊದಲೇ ಕೇಳಿ ಪಡೆಯುವವರು ನಾವು. ಮೇಜಿನ ಮೇಲೆ ಪನೀರು, ದಾಲ್, ಖಾರದ ಗ್ರೇವಿ ಬಂದೇ ಬರುತ್ತವೆ, ಜೊತೆಗೆ ನಮ್ಮವರು ಕಿಸೆಯಿಂದ ಶೇಂಗಾ ಹಿಂಡಿಯ ಪೊಟ್ಟಣ ತೆಗೆಯದೆ ಬಿಡುವುದಿಲ್ಲ. ಮದ್ಯಸಾರ ಹೆಚ್ಚಿದ್ದಷ್ಟೂ ಮೆಣಸಿನಕಾಯಿಯ ಉರಿ ಹೆಚ್ಚುತ್ತದೆ, ಕೆಂಪು ವೈನಿನ ಒಗರು ಆ ಉರಿಯ ಮೇಲೆ ಇನ್ನಷ್ಟು ಒರಟಾಗಿ ಕೂಡುತ್ತದೆ. ತುಸು ಸಿಹಿಯುಳ್ಳ, ತಂಪಾದ ಚೆನಿನ್ ಅಥವಾ ರೀಸ್ಲಿಂಗ್ ಖಾರವನ್ನು ತಣಿಸುತ್ತದೆ. ಕೆಂಪನ್ನು ಖಾರವಿಲ್ಲದ ರಾತ್ರಿಗೆ, ಅಣಬೆ, ಚೀಸ್, ಪಾಸ್ತಾ ಇರುವ ಊಟಕ್ಕೆ ಎತ್ತಿಡಿ.

ಈಗ ಅಂಗಡಿಯ ಮಾತು. ನಮ್ಮ ಊರುಗಳಲ್ಲಿ “ವೈನ್ಸ್” ಎಂದು ಬೋರ್ಡು ಇರುವ ಅಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಮಾರಾಟವಾಗುವ ವಸ್ತು ವೈನೇ. ಕೇಳಿದರೆ ಅಂಗಡಿಯವರು ಮೇಲಿನ ಹಲಗೆಯಿಂದ ಒಂದನ್ನು ಇಳಿಸಿ, ಬಟ್ಟೆಯಿಂದ ಧೂಳು ಒರೆಸಿ ಕೊಡುತ್ತಾರೆ. ಆ ಬಾಟಲಿ ಎರಡು ಬೇಸಿಗೆಯನ್ನು ಅದೇ ಹಲಗೆಯ ಮೇಲೆ, ತಗಡಿನ ಮಾಡಿನ ಕೆಳಗೆ ಕಳೆದಿರಬಹುದು. ತೆಗೆದುಕೊಳ್ಳುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಕುತ್ತಿಗೆಯಲ್ಲಿ ವೈನಿನ ಮಟ್ಟ ಕೆಳಗಿಳಿದಿದ್ದರೆ, ಬಾಯಿಗೆ ಸುತ್ತಿದ ತಗಡಿನ ಹಾಳೆಯ ಅಂಚಿನಲ್ಲಿ ಅಂಟಂಟಾದ ಕಲೆಯಿದ್ದರೆ, ಬಿರಡೆ ಬಾಯಿಗಿಂತ ಮೇಲೆ ಉಬ್ಬಿದ್ದರೆ ಬಿಟ್ಟುಬಿಡಿ. ಹಿಂದಿನ ಲೇಬಲ್ಲಿನಲ್ಲಿ ಬಾಟಲಿಗೆ ತುಂಬಿದ ತಿಂಗಳು, ವರ್ಷ ಇರುತ್ತದೆ. ಬಿಳಿ ವೈನು ಎರಡು ವರ್ಷದೊಳಗಿನದಾಗಿರಲಿ. ಸಾಧ್ಯವಿದ್ದರೆ ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿಯನ್ನೇ ಕೊಳ್ಳಿ. ಕಾರ್ಕಿನ ಬಾಟಲಿಗಿರುವ ಗಾಂಭೀರ್ಯ ಅದಕ್ಕಿಲ್ಲದಿರಬಹುದು, ಆದರೆ ಪ್ರಯಾಣಕ್ಕೆ ಅದೇ ಗಟ್ಟಿ. ಬಿಲ್ಲನ್ನು ಕೇಳಿ ಪಡೆದು ಬಾಟಲಿಯ ಜೊತೆಗೇ ಇಡಿ. ಗೋವಾದಲ್ಲಿ ಅಗ್ಗವೆಂದು ಅಲ್ಲಿಂದ ತರಿಸಿಕೊಳ್ಳುವವರು ಗಡಿಯ ಅಬಕಾರಿ ತಪಾಸಣೆಯನ್ನು ಮರೆಯಬಾರದು. ಒಂದೊಂದು ರಾಜ್ಯಕ್ಕೂ ಒಂದೊಂದು ಅಬಕಾರಿ ಕಾಯ್ದೆಯಿದೆ.

ನಾಲ್ಕನೆಯ ಹಂತ: ಬಿಸಿಲು ಮತ್ತು ವಿಮಾನ

ಇದರಲ್ಲಿ ನಾನು ಒಮ್ಮೆ ಸೋತಿದ್ದೇನೆ. ಏಪ್ರಿಲ್ ತಿಂಗಳಲ್ಲಿ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆಂದು ಕಾರಿನಲ್ಲಿ ಹೊರಟು, ದಾರಿಯಲ್ಲಿ ನೆಂಟರ ಮನೆಯಲ್ಲಿ ಊಟಕ್ಕೆ ಇಳಿದೆವು. ಊಟವಾಗಿ, ಎಲೆ ಅಡಿಕೆಯಾಗಿ, ಮಾತು ಮುಗಿಯುವಷ್ಟರಲ್ಲಿ ಎರಡು ತಾಸು ಸರಿದಿತ್ತು. ಬ್ಯಾಗು ಕಾರಿನ ಡಿಕ್ಕಿಯಲ್ಲಿತ್ತು, ಕಾರು ಬಿಸಿಲಲ್ಲಿತ್ತು. ನಿಲ್ದಾಣದಲ್ಲಿ ಬ್ಯಾಗು ತೆರೆದಾಗ ಬಿರಡೆ ಬೆರಳಿನ ಉಗುರಿನಷ್ಟು ಮೇಲೆ ಬಂದಿತ್ತು, ಹಾಳೆಯ ಕೆಳಗಿನಿಂದ ಕೆಂಪು ನೀರು ಒಸರಿ ನನ್ನ ಬಿಳಿ ಅಂಗಿಯ ತೋಳಿಗೆ ಹತ್ತಿತ್ತು. ಬೆಂಗಳೂರಿನಲ್ಲಿ ತೆರೆದು ನೋಡಿದರೆ ಬೇಯಿಸಿದ ಒಣದ್ರಾಕ್ಷಿಯ ವಾಸನೆ. ಹೊರಗೆ 40 ಡಿಗ್ರಿ ಇದ್ದಾಗ ನಿಂತ ಕಾರಿನ ಒಳಗೆ ಅದಕ್ಕಿಂತ ಬಹಳ ಹೆಚ್ಚು ಕಾವು ಏರುತ್ತದೆ; ವೈನು ಹಿಗ್ಗಿ ಬಿರಡೆಯನ್ನು ದಬ್ಬುತ್ತದೆ, ರುಚಿ ಬೆಂದುಹೋಗುತ್ತದೆ. ಆದ್ದರಿಂದ ಬಾಟಲಿ ಡಿಕ್ಕಿಯಲ್ಲಿ ಬೇಡ, ಎ.ಸಿ. ಇರುವ ಕಡೆ, ನಿಮ್ಮ ಕಾಲ ಹತ್ತಿರ ಇರಲಿ. ಕಾರು ನಿಲ್ಲಿಸಿದರೆ ಬಾಟಲಿಯೂ ನಿಮ್ಮ ಜೊತೆ ಮನೆಯೊಳಗೆ ಬರಲಿ. ನೆಂಟರು ಏನಾದರೂ ಅಂದುಕೊಳ್ಳಲಿ.

ವಿಮಾನದಲ್ಲಿ ಬಾಟಲಿ ಹೋಗಬೇಕಾದದ್ದು ತೂಕಕ್ಕೆ ಕೊಡುವ ಬ್ಯಾಗಿನಲ್ಲಿ, ಯಾಕೆಂದರೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ 100 ಮಿಲಿಲೀಟರ್ ಮೀರಿದ ದ್ರವ ಕೈಚೀಲದಲ್ಲಿ ಹೋಗುವುದಿಲ್ಲ. ಮದ್ಯಸಾರ ಪ್ರತಿಶತ 24ಕ್ಕಿಂತ ಕಡಿಮೆಯಿರುವ ಪಾನೀಯಗಳಿಗೆ ಅಪಾಯಕಾರಿ ಸರಕಿನ ನಿರ್ಬಂಧ ಇಲ್ಲ. ವೈನು ಸಾಮಾನ್ಯವಾಗಿ 11ರಿಂದ 14ರ ಒಳಗಿರುವುದರಿಂದ ಆ ತೊಂದರೆಯಿಲ್ಲ. ತುಂಬಿದ ಒಂದು ಬಾಟಲಿ ಸುಮಾರು 1.3 ಕಿಲೋ ತೂಗುತ್ತದೆ. ದೇಶದೊಳಗಿನ ವಿಮಾನಗಳಲ್ಲಿ 15 ಕಿಲೋ ಮಿತಿ ಸಾಮಾನ್ಯವಾಗಿರುವುದರಿಂದ ಎರಡು ಬಾಟಲಿಗೆ ಮೂರು ಕಿಲೋದಷ್ಟು ಜಾಗ ಬಿಡಬೇಕಾಗುತ್ತದೆ.

ಕಟ್ಟುವುದು ಹೀಗೆ. ಬಾಟಲಿಯನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿಗೆ ಅಂಟುಪಟ್ಟಿ ಸುತ್ತಿ. ಅದರ ಮೇಲೆ ಹಳೆಯ ಕೌದಿಯ ತುಂಡನ್ನೋ ದಪ್ಪ ಟವೆಲ್ಲನ್ನೋ ಎರಡು ಸುತ್ತು ಬಿಗಿಯಾಗಿ ಸುತ್ತಿ, ಬ್ಯಾಗಿನ ನಟ್ಟನಡುವೆ, ನಾಲ್ಕೂ ಕಡೆ ಬಟ್ಟೆ ಬರುವಂತೆ ಮಲಗಿಸಿ. ಎರಡು ಬಾಟಲಿಗಳ ನಡುವೆ ಒಂದು ಜೊತೆ ಚಪ್ಪಲಿ ಅಡ್ಡ ಇರಲಿ. ಇಳಕಲ್ ಸೀರೆಯ ಮಡಿಕೆಯಲ್ಲಿ ಇಟ್ಟರೆ ಭದ್ರವಾಗಿರುತ್ತದೆ ಎಂದು ನಮ್ಮ ಮನೆಯಲ್ಲಿಯೇ ಸಲಹೆ ಬಂದಿತ್ತು. ಬಾಟಲಿಗೆ ಭದ್ರ ಹೌದು, ಸೀರೆಗೆ ಅಲ್ಲ. ಬಿರಡೆ ತೆಗೆಯುವ ತಿರುಪನ್ನು ಒಯ್ಯುವುದಾದರೆ ಅದೂ ಇದೇ ಬ್ಯಾಗಿನಲ್ಲಿ ಹೋಗಬೇಕು. ಕೈಚೀಲದಲ್ಲಿ ಸಿಕ್ಕರೆ ಭದ್ರತಾ ಸಿಬ್ಬಂದಿ ತೆಗೆದಿಟ್ಟುಕೊಳ್ಳುತ್ತಾರೆ.

ಸಿಂಗಾಪುರದ ಸುಂಕದ ನಿಯಮ ಸ್ಪಷ್ಟವಾಗಿದೆ. 18 ವರ್ಷ ತುಂಬಿದವರು, ಅಲ್ಲಿಗೆ ಬರುವ ಮುಂಚೆ 48 ತಾಸು ಸಿಂಗಾಪುರದ ಹೊರಗಿದ್ದವರು, ಮಲೇಷಿಯಾದಿಂದ ಬರದವರು ತಲಾ 2 ಲೀಟರ್ ವೈನನ್ನು ಸುಂಕವಿಲ್ಲದೆ ತರಬಹುದು. ಎರಡು ಬಾಟಲಿ ಸೇರಿ ಒಂದೂವರೆ ಲೀಟರ್ ಆಗುವುದರಿಂದ ಚಿಂತೆಯಿಲ್ಲ. ಊರಿನಿಂದ ಹೊತ್ತೊಯ್ಯುವ ಉಸಾಬರಿ ಬೇಡವೆನ್ನುವವರಿಗೆ ಇದಕ್ಕಿಂತ ಸುಲಭದ ದಾರಿಯಿದೆ: ಚಾಂಗಿ ನಿಲ್ದಾಣದಲ್ಲಿ ಇಳಿದ ಮೇಲೆ, ಬ್ಯಾಗು ಬರುವ ಸಾಲಿನ ಹತ್ತಿರವೇ ಸುಂಕರಹಿತ ಮಳಿಗೆಯಿದೆ, ಅಲ್ಲಿಯೇ ಕೊಂಡುಬಿಡಿ. ವಿಶೇಷ ಬಾಟಲಿಯ ಹಟವಿಲ್ಲದವರಿಗೆ ನಾನು ಹೇಳುವುದು ಇದನ್ನೇ.

ಐದನೆಯ ಹಂತ: ಬಂದರಿನ ಬಾಗಿಲಲ್ಲಿ

ಹಡಗು ಹತ್ತುವ ಹಿಂದಿನ ರಾತ್ರಿ ಹೋಟೆಲ್ಲಿನಲ್ಲಿ ಬಾಟಲಿಗಳನ್ನು ದೊಡ್ಡ ಬ್ಯಾಗಿನಿಂದ ತೆಗೆದು ಹೆಗಲಿಗೆ ಹಾಕುವ ಚೀಲಕ್ಕೆ ಸೇರಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ವಿಮಾನಕ್ಕೆ ದೊಡ್ಡ ಬ್ಯಾಗು, ಹಡಗಿಗೆ ಕೈಚೀಲ, ನಿಯಮ ತಿರುವುಮುರುವಾಗಿದೆ.

ಮರೀನಾ ಬೇ ಕ್ರೂಸ್ ಸೆಂಟರಿನಂಥ ಬಂದರಿನಲ್ಲಿ ಇಳಿಯುತ್ತಲೇ ಹಮಾಲರು ದೊಡ್ಡ ಬ್ಯಾಗುಗಳಿಗೆ ಕ್ಯಾಬಿನ್ ಸಂಖ್ಯೆಯ ಚೀಟಿ ಕಟ್ಟಿ ಒಯ್ದುಬಿಡುತ್ತಾರೆ. ಆ ಬ್ಯಾಗುಗಳು ಬೇರೆ ಎಕ್ಸ್‌ರೇ ಯಂತ್ರದಲ್ಲಿ ಹಾದು ಸಂಜೆಯ ಹೊತ್ತಿಗೆ ಕ್ಯಾಬಿನ್ನಿನ ಬಾಗಿಲಿಗೆ ಬರುತ್ತವೆ. ನನ್ನ ಮೊದಲ ಪ್ರಯಾಣದಲ್ಲಿ ಬಾಟಲಿ ಅದರಲ್ಲಿಯೇ ಇತ್ತು. ಏಳು ಗಂಟೆಯಾದರೂ ಬ್ಯಾಗು ಬರಲಿಲ್ಲ, ಊಟಕ್ಕೆ ಹಾಕಿಕೊಳ್ಳುವ ಬಟ್ಟೆಯೂ ಅದರಲ್ಲೇ. ವಿಚಾರಿಸಿದಾಗ ಕೆಳಗಿನ ಅಂತಸ್ತಿನ ಭದ್ರತಾ ಕೋಣೆಗೆ ಬರಹೇಳಿದರು. ಅಲ್ಲಿ ಇಸ್ತ್ರಿ ಪೆಟ್ಟಿಗೆ, ವಿಸ್ಕಿ ಬಾಟಲಿ, ವಿದ್ಯುತ್ ಕೆಟಲ್ ತಂದವರ ಸಾಲಿನಲ್ಲಿ ನಾನೂ ಅರ್ಧ ತಾಸು ನಿಂತು, ಬ್ಯಾಗು ತೆರೆದು ತೋರಿಸಿ, ರಸೀದಿಗೆ ಸಹಿ ಮಾಡಿ ಬಂದೆ. ವೈನನ್ನು ಕೊಟ್ಟರು ನಿಜ, ಆದರೆ ಅಷ್ಟರಲ್ಲಿ ಮೊದಲ ಪಂಕ್ತಿಯ ಊಟ ಮುಗಿದಿತ್ತು.

ಕೈಚೀಲದ ತಪಾಸಣೆಯಲ್ಲಿ ಕೇಳುವ ಮುಂಚೆಯೇ “ಇಬ್ಬರಿಗೆ ಎರಡು ಬಾಟಲಿ ವೈನ್ ಇದೆ” ಎಂದು ಹೇಳಿಬಿಡಿ. ಗಂಡನ ಚೀಲದಲ್ಲಿ ಒಂದು, ಹೆಂಡತಿಯ ಚೀಲದಲ್ಲಿ ಒಂದು ಇದ್ದರೆ ಇನ್ನೂ ಒಳ್ಳೆಯದು. ನೀರಿನ ಬಾಟಲಿಯಲ್ಲಿ ವೋಡ್ಕಾ ತುಂಬುವ, ಶಾಂಪೂ ಡಬ್ಬಿಯಲ್ಲಿ ರಮ್ ಬಚ್ಚಿಡುವ ಜಾಣತನಗಳನ್ನು ಆ ಸಿಬ್ಬಂದಿ ದಿನವೂ ನೋಡಿರುತ್ತಾರೆ. ಸಿಕ್ಕಿಬಿದ್ದರೆ ಸಾಮಾನು ಹೋಗುವುದಲ್ಲದೆ ಮಾನವೂ ಹೋಗುತ್ತದೆ. ನಾರ್ವೇಜಿಯನ್‌ನಂಥ ಕಂಪನಿಯಲ್ಲಿ ಶುಲ್ಕವನ್ನು ಇಲ್ಲಿಯೇ ತೆಗೆದುಕೊಳ್ಳುತ್ತಾರೆ, ಆ ರಸೀದಿಯನ್ನು ಇಟ್ಟುಕೊಳ್ಳಿ. ಊಟದ ಮೇಜಿನಲ್ಲಿ ಮತ್ತೊಮ್ಮೆ ಶುಲ್ಕ ಹಾಕಿದರೆ ತೋರಿಸಲು ಬೇಕಾಗುತ್ತದೆ.

ಆರನೆಯ ಹಂತ: ತಣಿಸುವುದು

ಕ್ಯಾಬಿನ್ನಿನ ಸಣ್ಣ ಫ್ರಿಜ್ಜನ್ನು ನಂಬಬೇಡಿ. ಅದು ಹಲವು ಹಡಗುಗಳಲ್ಲಿ ಬರಿಯ ತಂಪು ಪೆಟ್ಟಿಗೆ. ಬಾಟಲಿ ತಣ್ಣಗಾಗಲು ಇಡೀ ದಿನ ಬೇಕು. ಊಟಕ್ಕೆ ಅರ್ಧ ತಾಸು ಮುಂಚೆ ಕ್ಯಾಬಿನ್ ನೋಡಿಕೊಳ್ಳುವ ಸಹಾಯಕರಿಗೆ ಹೇಳಿ ಒಂದು ಬಕೆಟ್ ಐಸ್ ತರಿಸಿ, ಅದಕ್ಕೆ ಅರ್ಧದಷ್ಟು ನೀರು ಸೇರಿಸಿ ಬಾಟಲಿಯನ್ನು ಕುತ್ತಿಗೆಯವರೆಗೆ ಮುಳುಗಿಸಿ. ಬರಿ ಐಸಿಗಿಂತ ಐಸು ನೀರು ಬೇಗ ತಣಿಸುತ್ತದೆ, ಯಾಕೆಂದರೆ ನೀರು ಬಾಟಲಿಯ ಮೈಗೆಲ್ಲ ತಾಗುತ್ತದೆ. ಬಿಳಿಗೆ 8ರಿಂದ 12 ಡಿಗ್ರಿ ಸಾಕು. ಕೆಂಪಿಗೆ 16ರಿಂದ 18 ಎಂದು ಹೇಳುತ್ತಾರೆ, ಹಡಗಿನ ಎ.ಸಿ.ಯಲ್ಲಿ ಎರಡು ತಾಸು ಮೇಜಿನ ಮೇಲಿದ್ದ ಬಾಟಲಿಗೆ ಹತ್ತು ನಿಮಿಷದ ಐಸು ನೀರು ಸಾಕಾಗುತ್ತದೆ.

ಏಳನೆಯ ಹಂತ: ಊಟದ ಮೇಜಿನಲ್ಲಿ

ಮೊದಲ ರಾತ್ರಿ ಬಾಟಲಿ ತೆರೆಯಬೇಡಿ ಎನ್ನುವುದು ನನ್ನ ಸಲಹೆ. ಅಂದು ಎಲ್ಲರೂ ಹೊಸಬರು, ಮೇಜು ಹುಡುಕುವ ಗದ್ದಲ, ಬಡಿಸುವವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ವಿಮಾನ, ಕಾರು, ಹಡಗುಗಳಲ್ಲಿ ಕುಲುಕಾಡಿ ಬಂದ ವೈನಿಗೂ ಒಂದು ದಿನ ನೆಮ್ಮದಿ ಬೇಕು. ಅಂದು ಬಡಿಸುವವರ ಪರಿಚಯ ಮಾಡಿಕೊಂಡು, “ನಾಳೆ ನಮ್ಮದೊಂದು ಬಾಟಲಿ ತರುತ್ತೇವೆ” ಎಂದು ಹೇಳಿಟ್ಟರೆ ಸಾಕು. ಗೊತ್ತಾದ ಸಮಯ, ಗೊತ್ತಾದ ಮೇಜಿನ ಊಟವನ್ನು ಆರಿಸಿಕೊಂಡವರಿಗೆ ಪ್ರತಿ ರಾತ್ರಿ ಅದೇ ಬಡಿಸುವವರು ಬರುವುದರಿಂದ ಇದು ಬಹಳ ಅನುಕೂಲ. ಬೇಕಾದಾಗ ಹೋಗುವ ಪದ್ಧತಿಯವರಿಗೆ ಪ್ರತಿ ದಿನ ಹೊಸ ಮುಖ, ಪ್ರತಿ ದಿನ ಅದೇ ವಿವರಣೆ.

ಮರುದಿನ ಬಾಟಲಿಯನ್ನು ಚೀಲದಲ್ಲಿ ಮುಚ್ಚಿಕೊಂಡು ಹೋಗಬೇಕಾಗಿಲ್ಲ. ನಮ್ಮ ಊರಿನ ಅಭ್ಯಾಸದಿಂದ ಕೆಲವರು ಪತ್ರಿಕೆಯ ಹಾಳೆ ಸುತ್ತಿಕೊಂಡು ಬರುತ್ತಾರೆ. ಅಲ್ಲಿ ಅದೇ ಹೆಚ್ಚು ಕಣ್ಣಿಗೆ ಬೀಳುತ್ತದೆ. ಕೈಯಲ್ಲಿ ಹಿಡಿದು ನೇರವಾಗಿ ಹೋಗಿ ಬಾಗಿಲಲ್ಲಿರುವ ಮುಖ್ಯಸ್ಥರಿಗೋ ವೈನ್ ನೋಡಿಕೊಳ್ಳುವ ಸೊಮೆಲಿಯೆಗೋ ಕೊಡಿ. ಅವರು ಲೇಬಲ್ಲನ್ನು ನಿಮ್ಮ ಕಡೆಗೆ ತಿರುಗಿಸಿ ತೋರಿಸುತ್ತಾರೆ, ನಿಮ್ಮದೇ ಬಾಟಲಿಯಾದರೂ ಇದು ಕ್ರಮ, ತಲೆಯಾಡಿಸಿ. ಚಿಕ್ಕ ಚಾಕುವಿನಿಂದ ಬಾಯಿಯ ಅಂಚಿನ ಕೆಳಗೆ ಹಾಳೆಯನ್ನು ಒಂದೇ ಸುತ್ತಿನಲ್ಲಿ ಕತ್ತರಿಸಿ, ಬಿರಡೆಯನ್ನು ಸದ್ದಿಲ್ಲದೆ ಎಳೆದು, ಬಟ್ಟೆಯಿಂದ ಬಾಯಿ ಒರೆಸಿ, ಒಂದು ಗುಟುಕಿನಷ್ಟನ್ನು ನಿಮ್ಮ ಲೋಟಕ್ಕೆ ಸುರಿಯುತ್ತಾರೆ. ಆಗ “ಹೇಗಿದೆ” ಎಂದರೆ ರುಚಿ ಹಿಡಿಸಿತೇ ಎಂದಲ್ಲ, ಕೆಟ್ಟಿಲ್ಲವಷ್ಟೇ ಎಂದು ಕೇಳುತ್ತಿದ್ದಾರೆ. ಮೂಗಿಗೆ ನೆನೆದ ರಟ್ಟಿನ ವಾಸನೆ ಬಂದರೆ ಬಿರಡೆಯಿಂದ ವೈನು ಕೆಟ್ಟಿದೆ ಎಂದರ್ಥ. ಹಡಗಿನ ಬಾಟಲಿಯಾಗಿದ್ದರೆ ಬದಲಿಸಿ ಕೊಡುತ್ತಿದ್ದರು. ನಿಮ್ಮದಕ್ಕೆ ಬದಲಿ ಇಲ್ಲ.

ಚೆನ್ನಾಗಿದ್ದರೆ ಅವರಿಗೂ ಒಂದು ಗುಟುಕು ರುಚಿ ನೋಡಲು ಹೇಳಿ. ಕರ್ತವ್ಯದ ಮೇಲಿರುವವರು ಬಹಳ ಸಲ ಒಲ್ಲೆ ಎನ್ನುತ್ತಾರೆ, ಆದರೆ ಹೇಳುವುದು ಮರ್ಯಾದೆ. ಅಕಲೂಜ್ ಎಲ್ಲಿದೆ, ಇಲ್ಲಿಂದ ಎಷ್ಟು ದೂರ ಎಂದು ಸೊಮೆಲಿಯೆ ಕೇಳಿದರೆ ಭೀಮೆಯ ಕಡೆಯ ಬಿಸಿಲನ್ನು ವರ್ಣಿಸುವ ಅವಕಾಶ ನಿಮಗೆ. ಮೇಜಿನಲ್ಲಿ ಅಪರಿಚಿತರು ಜೊತೆಗಿದ್ದರೆ ಅವರಿಗೂ ಬೇಕೇ ಎಂದು ಒಮ್ಮೆ ಕೇಳಿ. ನಮ್ಮ ಕಡೆ ಪಂಕ್ತಿಯಲ್ಲಿ ಪಕ್ಕದವರ ಎಲೆ ನೋಡದೆ ಉಣ್ಣುವ ವಾಡಿಕೆಯಿಲ್ಲವಷ್ಟೆ.

ಶುಲ್ಕವನ್ನು ನಗದು ಕೊಡುವಂತಿಲ್ಲ. ಕ್ಯಾಬಿನ್ ಕಾರ್ಡನ್ನು ಕೇಳಿ, ನಿಮ್ಮ ಖಾತೆಗೆ ಹಾಕಿ, ಚೀಟಿಗೆ ಸಹಿ ತೆಗೆದುಕೊಳ್ಳುತ್ತಾರೆ. ಮೊತ್ತ ನೋಡಿ ಸಹಿ ಮಾಡಿ. ಬೇರೆ ಹಣ ಕೊಡಬೇಕಾದ ವಿಶೇಷ ರೆಸ್ಟೋರೆಂಟುಗಳಿಗೆ ಬಾಟಲಿ ಒಯ್ಯುವುದಾದರೆ ಮೇಜು ಕಾಯ್ದಿರಿಸುವಾಗಲೇ ಕೇಳಿಕೊಳ್ಳಿ. ಕ್ಯಾಬಿನ್ನಿನಲ್ಲಿಯೇ ಲೋಟಕ್ಕೆ ಸುರಿದುಕೊಂಡು, ಲೋಟ ಹಿಡಿದು ಊಟಕ್ಕೆ ಬರುವ ಉಪಾಯವನ್ನು ಹಲವರು ಹೇಳಿಕೊಡುತ್ತಾರೆ. ಯಾರೂ ತಡೆಯದಿರಬಹುದು, ಆದರೆ ಅಲುಗುವ ಹಡಗಿನಲ್ಲಿ ತುಂಬಿದ ಲೋಟ ಹಿಡಿದು ಮೆಟ್ಟಿಲಿಳಿಯುವ ಸರ್ಕಸ್ಸು ನನ್ನ ವಯಸ್ಸಿನವರಿಗೆ ಹೇಳಿದ್ದಲ್ಲ.

ಒಂದು ಎಚ್ಚರಿಕೆ. ಅಲೆಗೆ ಹೊಟ್ಟೆ ತೊಳಸುತ್ತದೆಂದು ಅವೋಮಿನ್‌ನಂಥ ಮಾತ್ರೆ ತೆಗೆದುಕೊಂಡಿದ್ದರೆ ಅಂದು ವೈನು ಮುಟ್ಟಬೇಡಿ. ಆ ಮಾತ್ರೆಯೇ ನಿದ್ದೆ ತರುವಂಥದ್ದು, ಮದ್ಯ ಸೇರಿದರೆ ಮಂಪರು ಹೆಚ್ಚುತ್ತದೆ.

ಎಂಟನೆಯ ಹಂತ: ಉಳಿದದ್ದು ಮತ್ತು ಮರಳುವುದು

ಒಂದು ಬಾಟಲಿಯಲ್ಲಿ 150 ಮಿಲಿಲೀಟರಿನ ಐದು ಗ್ಲಾಸು. ಎರಡು ಬಾಟಲಿಯ ಹತ್ತು ಗ್ಲಾಸು ಇಬ್ಬರಿಗೆ ನಾಲ್ಕು ರಾತ್ರಿ ಬರುತ್ತದೆ, ತಲಾ ಒಂದಕ್ಕಿಂತ ತುಸು ಹೆಚ್ಚು. ಹಾಗಾಗಿ ಒಂದೇ ರಾತ್ರಿ ಮುಗಿಸುವ ಅವಸರ ಬೇಡ. ಊಟ ಮುಗಿದ ಮೇಲೆ ಬಡಿಸುವವರಿಗೆ ಹೇಳಿದರೆ ಬಿರಡೆ ಹಾಕಿ, ಕುತ್ತಿಗೆಗೆ ಕ್ಯಾಬಿನ್ ಸಂಖ್ಯೆ ಬರೆದ ಚೀಟಿ ಕಟ್ಟಿ, ತಂಪಿನಲ್ಲಿಟ್ಟು ಮರುದಿನ ಅದನ್ನೇ ತರುತ್ತಾರೆ. ಆಗ ಮತ್ತೆ ಶುಲ್ಕವಿಲ್ಲ. ತೆರೆದ ಬಿಳಿ ಮೂರು ದಿನ, ಕೆಂಪು ಎರಡು ಮೂರು ದಿನ ತಾಳುತ್ತದೆ. ಗುಳ್ಳೆಯ ವೈನನ್ನು ಮಾತ್ರ ಅಂದೇ ಮುಗಿಸಬೇಕು.

ನಡುವಿನ ಬಂದರಿನಲ್ಲಿ ಚೆನ್ನಾಗಿ ಕಂಡಿತೆಂದು ಕೊಂಡ ಬಾಟಲಿ ಅಂದಿನ ಊಟಕ್ಕೆ ಸಿಗುವುದಿಲ್ಲ. ಹೆಚ್ಚಿನ ಹಡಗುಗಳಲ್ಲಿ ಅದನ್ನು ಬಾಗಿಲಲ್ಲೇ ಪಡೆದು, ರಸೀದಿ ಕೊಟ್ಟು, ಕೊನೆಯ ರಾತ್ರಿ ಕ್ಯಾಬಿನ್ನಿಗೆ ತಲುಪಿಸುತ್ತಾರೆ. ಹಡಗಿನ ಅಂಗಡಿಯಲ್ಲಿ ಕೊಂಡ ಸುಂಕರಹಿತ ಮದ್ಯಕ್ಕೂ ಸಾಮಾನ್ಯವಾಗಿ ಇದೇ ಕ್ರಮ. ಕೊನೆಯ ರಾತ್ರಿ ದೊಡ್ಡ ಬ್ಯಾಗುಗಳನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ. ಬಾಟಲಿ ಕೈಗೆ ಬರುವವರೆಗೆ ಒಂದು ಬ್ಯಾಗಿನ ಬೀಗ ಹಾಕದೆ ಕಾಯಿರಿ, ಯಾಕೆಂದರೆ ಮರುದಿನ ವಿಮಾನಕ್ಕೆ ಅದು ಮತ್ತೆ ತೂಕದ ಬ್ಯಾಗಿನಲ್ಲಿಯೇ ಹೋಗಬೇಕು. ಬೆಂಗಳೂರಿನಲ್ಲಿ ಇಳಿದಾಗ ತಲಾ 2 ಲೀಟರಿನವರೆಗೆ ಸುಂಕವಿಲ್ಲ. ಅದರಾಚೆಗಿನದಕ್ಕೆ ಕೆಂಪು ಸಾಲಿನಲ್ಲಿ ನಿಂತು ಸುಂಕ ಕಟ್ಟಬೇಕು.